ಗಾಳಿಗೂ ಒಂದು ಬಿಳಿಗುಂಡ್ಲು ಬೇಕು

ದಕ್ಷಿಣ ನಾರ್ವೆಯ ಸಾವಿರಾರು ಕೆರೆಗಳಲ್ಲಿ ಒಂದು ಕಾಲಕ್ಕೆ ಮೀನಿನ ಸಂತತಿಯೇ ಅಳಿದುಹೋಯಿತು. ನೀರು ಹುಳಿಯಾಗಿತ್ತು. ಆ ಹುಳಿ ತಂದದ್ದು ಮಳೆ. ಮಳೆಗೆ ಅದು ಸೇರಿದ್ದು ಬ್ರಿಟನ್ನಿನಲ್ಲಿ, ಮಧ್ಯ ಯುರೋಪಿನಲ್ಲಿ ಸುಟ್ಟ ಕಲ್ಲಿದ್ದಲಿನ ಗಂಧಕದಿಂದ. ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂಟೆ ಓಡೆನ್ 1967ರಲ್ಲೇ ಹೊರಗಿನ ಹೊಗೆಯತ್ತ ಬೊಟ್ಟು ಮಾಡಿದ್ದರು. ಬ್ರಿಟನ್ ಬಹಳ ವರ್ಷ ಒಪ್ಪಲಿಲ್ಲ.

ಆಸ್ಲೋದಲ್ಲಿ ನೆಲೆಸಿರುವ ನನಗೆ ಮೆಚ್ಚುಗೆಯಾದದ್ದು, ಭಾರತ, ಪಾಕಿಸ್ತಾನಗಳ ಕೆಟ್ಟ ಗಾಳಿಗೂ ಪಾಠ ಅನ್ನಿಸಿದ್ದು ಆಮೇಲಿನ ಕಥೆ. ಜಗಳ ತೀರಲಿ ಅಂತ ಯುರೋಪಿನವರು ಕಾಯಲಿಲ್ಲ. ತಪ್ಪು ಯಾರದು ಅಂತ ತೀರ್ಮಾನ ಆಗುವ ಮೊದಲೇ ಅಳೆಯಲು ಶುರು ಮಾಡಿದರು. 1977ರಲ್ಲಿ ‘ಎಮೆಪ್’ ಎಂಬ ಜಂಟಿ ಕಾರ್ಯಕ್ರಮ ಹುಟ್ಟಿತು. ಆಸ್ಲೋ ಹತ್ತಿರದ ಶೆಲ್ಲರ್ ಎಂಬಲ್ಲಿನ ಪ್ರಯೋಗಾಲಯ ಎಲ್ಲ ದೇಶಗಳ ಲ್ಯಾಬ್‌ಗಳಿಗೂ ಒಂದೇ ಬಗೆಯ ಮಾದರಿ ಕಳಿಸಿ, ಅವರ ಅಳತೆ ತಾಳೆಯಾಗುತ್ತಾ ಅಂತ ನೋಡುತ್ತದೆ. ಲೆಕ್ಕ ಹಾಕುವ ಒಂದು ಕೇಂದ್ರ ಆಸ್ಲೋದಲ್ಲಿ, ಇನ್ನೊಂದು ಮಾಸ್ಕೋದಲ್ಲಿತ್ತು. ಶೀತಲ ಸಮರದ ಕಾಲದಲ್ಲಿ! ಸೋವಿಯತ್ ಒಕ್ಕೂಟ ತನ್ನ ಚಿಮಣಿಗಳ ಲೆಕ್ಕ ಪೂರ್ತಿ ಬಿಚ್ಚಿಡಲು ಸಿದ್ಧವಿರಲಿಲ್ಲ. ಗಡಿ ದಾಟುವ ಹೊಗೆಯ ಲೆಕ್ಕ ಮಾತ್ರ ಕೊಡುತ್ತೇನೆ ಅಂದಿತು. ಸರಿ, ಅಷ್ಟಾದರೂ ಸಿಗಲಿ ಅಂತ ಉಳಿದವರು ತೆಗೆದುಕೊಂಡರು.

1979ರಲ್ಲಿ ಗಡಿ ದಾಟುವ ಹೊಗೆಯ ಬಗ್ಗೆ ಜಿನೀವಾ ಒಪ್ಪಂದವಾಯಿತು. 1985ರಲ್ಲಿ ಹೆಲ್ಸಿಂಕಿಯಲ್ಲಿ ಗಂಧಕವನ್ನು ಶೇ. 30ರಷ್ಟು ಇಳಿಸುವ ಮಾತು ಬಂದಾಗ ಬ್ರಿಟನ್, ಪೋಲೆಂಡ್, ಅಮೆರಿಕ ಸಹಿ ಹಾಕಲಿಲ್ಲ. ಆದರೂ ಅಳತೆ ನಿಲ್ಲಲಿಲ್ಲ. ವರ್ಷ ವರ್ಷವೂ ಪಟ್ಟಿ ಬರುತ್ತಲೇ ಇತ್ತು: ನಿಮ್ಮ ನೆಲಕ್ಕೆ ಬಿದ್ದದ್ದರಲ್ಲಿ ನಿಮ್ಮದೆಷ್ಟು, ಪಕ್ಕದವರದೆಷ್ಟು. 1994ರಲ್ಲಿ ಇದೇ ಆಸ್ಲೋದಲ್ಲಿ ಮುಂದಿನ ಒಪ್ಪಂದಕ್ಕೆ ಬ್ರಿಟನ್ ಕೂಡ ಸಹಿ ಹಾಕಿತು. ಇವತ್ತು ಯುರೋಪಿಯನ್ ಒಕ್ಕೂಟದ ದೇಶಗಳ ಗಂಧಕದ ಹೊಗೆ 1990ಕ್ಕಿಂತ ಶೇ. 80ಕ್ಕೂ ಜಾಸ್ತಿ ಇಳಿದಿದೆ. ನಾರ್ವೆ ಈಗಲೂ ನದಿಗಳಿಗೆ ಸುಣ್ಣ ಹಾಕಿ ಹುಳಿ ಕಡಿಮೆ ಮಾಡುತ್ತದೆ. ಅಳಿದಿದ್ದ ಸಾಲ್ಮನ್ ಮಾಂಡಾಲ್ ನದಿಗೆ ಮರಳಿದೆ.

ಅದು ಶ್ರೀಮಂತರ ಕಥೆ, ನಮಗೆ ಸಲ್ಲದು ಅಂತ ಊರಿನ ಗೆಳೆಯರು ಹೇಳುತ್ತಾರೆ. ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದ್ದ ಅಂದಿನ ರೊಮೇನಿಯಾ, ಬಲ್ಗೇರಿಯಾ ಶ್ರೀಮಂತವಾಗಿದ್ದವಾ?

ನಮ್ಮ ಕಡೆ ವಿಜ್ಞಾನಕ್ಕೆ ಬರವಿಲ್ಲ. 1999ರಲ್ಲಿ ಹಿಂದೂ ಮಹಾಸಾಗರದ ಮೇಲಿನ ಕಂದು ಮಬ್ಬನ್ನು ಹಲವು ದೇಶಗಳವರು ಹಡಗು, ವಿಮಾನಗಳಲ್ಲಿ ಹೋಗಿ ಅಳೆದರು. ನಮ್ಮ ‘ಸಾಗರ ಕನ್ಯಾ’ ಹಡಗೂ ಅಲ್ಲಿತ್ತು. ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು. ಅದಕ್ಕೂ ಮೊದಲೇ, 1998ರಲ್ಲಿ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ ಸೇರಿ ಎಂಟು ದೇಶಗಳು ಮಾಲ್ಡೀವ್ಸ್ ರಾಜಧಾನಿಯ ಹೆಸರಿನ ‘ಮಾಲೆ ಘೋಷಣೆ’ಗೆ ಒಪ್ಪಿದ್ದವು. ಗಡಿ ದಾಟುವ ಹೊಗೆಯನ್ನು ಒಟ್ಟಿಗೆ ಅಳೆಯೋಣ ಎಂಬುದೇ ಅದರ ಮಾತು. ಆದರೆ ಯಾರ ಮೇಲೂ ಕಟ್ಟುಪಾಡಿಲ್ಲದ ಘೋಷಣೆ ಅದು. ಯುರೋಪಿನಂತೆ ಒಪ್ಪಂದವಾಗಿ ಬೆಳೆಯಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಉತ್ತರ ಪ್ರದೇಶದ ವಕೀಲರು ಕೆಟ್ಟ ಗಾಳಿ ಪಾಕಿಸ್ತಾನದಿಂದ ಬರುತ್ತಿದೆ ಅಂದರು. ಲಾಹೋರಿನವರು ಭಾರತದ ಕಡೆ ಕೈ ತೋರಿಸುತ್ತಾರೆ. ಇಬ್ಬರೂ ಒಪ್ಪುವ ಪಟ್ಟಿ ಯಾರ ಕೈಯಲ್ಲೂ ಇಲ್ಲ.

ಕಾವೇರಿ ಜಗಳ ನೋಡುತ್ತಾ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು, ಅಲ್ವಾ? ಎಷ್ಟು ನೀರು ಬಿಡಬೇಕು ಅಂತ ಎರಡೂ ರಾಜ್ಯಗಳು ಕಿತ್ತಾಡುತ್ತವೆ. ಆದರೆ ಹರಿದದ್ದೆಷ್ಟು ಅಂತ ನೋಡುವ ಜಾಗ ಬಿಳಿಗುಂಡ್ಲು ಒಂದೇ, ಅಳೆಯುವುದು ಕೇಂದ್ರ ಜಲ ಆಯೋಗ. ಅದೂ ಇಲ್ಲದಿದ್ದರೆ ಮಾತುಕತೆಗೆ ಕೂರುವುದಾದರೂ ಹೇಗೆ?

ಜಂಟಿ ಲೆಕ್ಕ ಬಂದರೆ ನಮ್ಮ ಪಾಲೂ ಬಯಲಾಗುತ್ತದೆ. ದೆಹಲಿಯ ವಾಹನಗಳ ಹೊಗೆ, ಕಸಕ್ಕೆ ಹಚ್ಚಿದ ಬೆಂಕಿ, ಇವನ್ನೆಲ್ಲ ಗಡಿಯಾಚೆಯವರ ತಲೆಗೆ ಕಟ್ಟಲು ಆಗದು. ಸರ್ಕಾರಗಳು ಹಿಂಜರಿಯುವುದು ಇದಕ್ಕೇ ಅಂತ ನನ್ನ ಅನಿಸಿಕೆ. ಆ ಗಾಳಿ ಕುಡಿಯುವ ಮಕ್ಕಳಿಗೆ ಬೇಕಾದ್ದೂ ಇದೇ ಲೆಕ್ಕ.

ಈ ಲೆಕ್ಕದ ಪುಸ್ತಕ ಇಡಲು ಜಾಗ ಹೊಸದಾಗಿ ಹುಡುಕಬೇಕಿಲ್ಲ. ಕಠ್ಮಂಡು ಕಣಿವೆಯ ‘ಇಸಿಮಾಡ್’ ಪರ್ವತ ಸಂಸ್ಥೆಯಲ್ಲಿ ಭಾರತ, ಪಾಕಿಸ್ತಾನ, ಚೀನಾ, ಬಾಂಗ್ಲಾದೇಶ ಈಗಾಗಲೇ ಸದಸ್ಯರು. ಅಮೃತಸರ, ಲಾಹೋರ್, ಢಾಕಾಗಳ ಗಾಳಿಯ ದೂಳು ಹಿಡಿದ ಫಿಲ್ಟರ್ ಕಾಗದಗಳನ್ನು ಒಂದೇ ರೀತಿಯಲ್ಲಿ ತೂಗಿ, ಅಂಕಿಗಳನ್ನು ಅಲ್ಲಿಗೆ ಕಳಿಸುವುದರಿಂದ ಶುರು ಮಾಡಬಹುದು.