ಸಾವಿರ ವರ್ಷ ಕೂತವನಿಗೆ ಆರು ವರ್ಷ ಯಾವ ಲೆಕ್ಕ?

ಗುಜರಾತಿನ ವಡ್‌ನಗರದಲ್ಲಿ 2019ರಲ್ಲಿ ಒಬ್ಬ ಸಿಕ್ಕಿದ. ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ತಲೆ ನೆಟ್ಟಗಿದೆ, ಬಲಗೈ ತೊಡೆಯ ಮೇಲಿದೆ, ಎಡಗೈ ಮಾತ್ರ ಕೋಲು ಹಿಡಿದವನ ಹಾಗೆ ಎದೆಮಟ್ಟಕ್ಕೆ ಎತ್ತಿದೆ. ಬರೀ ಅಸ್ಥಿಪಂಜರ, ಮಣ್ಣಿನೊಳಗೆ ಹೀಗೆ ಕೂತು ಹತ್ತಿರ ಹತ್ತಿರ ಸಾವಿರ ವರ್ಷ. ಅಗೆದ ಭಾರತೀಯ ಪುರಾತತ್ವ ಇಲಾಖೆಯವರು ಇದು ಸಮಾಧಿ ಅಂದರು. ಕುಳ್ಳಿರಿಸಿ ಮಣ್ಣು ಮಾಡುವುದನ್ನು ನೋಡಿಕೊಂಡೇ ಬೆಳೆದ, ಹೆಜ್ಜೆಗೊಂದು ಗದ್ದುಗೆ ಇರುವ ನಮ್ಮ ಕಡೆಯವರಿಗೆ ಅದರಲ್ಲೇನೂ ಆಶ್ಚರ್ಯವಿಲ್ಲ.

ನನಗಂತೂ ಆ ಫೋಟೊದಲ್ಲಿ ಯೋಗಿ ಕಾಣಲೇ ಇಲ್ಲ. ಕಂಡದ್ದು ನಮ್ಮ ಚಿಕ್ಕಪ್ಪ. ಪೌತಿ ಖಾತೆಗೆಂದು, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಕಚೇರಿಯೊಂದರ ಜಗುಲಿಯಲ್ಲಿ ಅವರು ಥೇಟ್ ಹೀಗೇ ಕೂರುತ್ತಿದ್ದರು. ಕೇಸ್ ವರ್ಕರ್ ಕಾಫಿಗೆಂದು ಹೊರಬಂದಾಗಲೆಲ್ಲ ಎಡಗೈ ಇಷ್ಟೇ ಏಳುತ್ತಿತ್ತು: "ಸಾರ್, ಒಂದ್ ನಿಮಿಷ..."

ವಡ್‌ನಗರದವನೂ ಕಾದ. ಭಂಗಿ ಕೆಡದಂತೆ ಸುತ್ತಲ ಮಣ್ಣಿನ ಸಮೇತ ಜೋಪಾನವಾಗಿ ಎತ್ತಿದ್ದೇನೋ ನಿಜ. ಎತ್ತಿ ಇಟ್ಟದ್ದೆಲ್ಲಿ? ಟಾರ್ಪಾಲಿನ್ ಶೆಡ್ಡಿನಲ್ಲಿ. ಒಂದು ದಿನವಲ್ಲ, ಎರಡು ದಿನವಲ್ಲ, 2025ರವರೆಗೆ. ಅಗೆದದ್ದು ಕೇಂದ್ರದ ಇಲಾಖೆ, ಮ್ಯೂಸಿಯಂ ರಾಜ್ಯದ್ದು. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು, ಯಾವ ಕ್ರಮದಲ್ಲಿ? ಹಸ್ತಾಂತರದ ನಮೂನೆಯನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. "ವಸ್ತುವಿನ ಸ್ಥಿತಿ: ಉತ್ತಮ / ಸಾಧಾರಣ / ದುರಸ್ತಿ ಅಗತ್ಯ. ಅನ್ವಯಿಸದ್ದನ್ನು ಹೊಡೆದುಹಾಕಿ."

ಮೂಳೆ ಅಂದರೆ ಬರೀ ಮೂಳೆಯಲ್ಲ ಸ್ವಾಮಿ. ರಾಗಿ, ಜೋಳ, ಸಜ್ಜೆ ಉಂಡವನೋ, ಅಕ್ಕಿ, ಗೋಧಿ ತಿಂದವನೋ ಎಂದು ಅದರೊಳಗಿನ ಇಂಗಾಲ ಹೇಳುತ್ತದೆ. ಎಳವೆಯಲ್ಲಿ ಯಾವ ಸೀಮೆಯ ನೀರು ಕುಡಿದ ಎಂಬ ಗುಟ್ಟು ಹಲ್ಲಿನ ಎನಾಮಲ್‌ನ ಸ್ಟ್ರಾನ್ಷಿಯಂನಲ್ಲಿ ಇರುತ್ತದೆ. ಒಳಕಿವಿಯ ಸುತ್ತಲಿನ ಗಟ್ಟಿ ಮೂಳೆಯಲ್ಲಿ ಡಿಎನ್‌ಎ ಉಳಿದರೂ ಉಳಿದೀತು. ಉಳಿದರೆ! ನಮ್ಮ ಸೆಕೆಗೆ ಅದು ಬಾಳುವುದೇ ಅಪರೂಪ. ಇವನು ಸಿಕ್ಕಿದ ವರ್ಷವೇ ಹರಿಯಾಣದಲ್ಲಿರುವ, ಸಿಂಧೂ ನಾಗರಿಕತೆಯ ಕಾಲದ ಊರಾದ ರಾಖಿಗಢಿಯ ಸುದ್ದಿಯೂ ಬಂದಿತ್ತು: 60ಕ್ಕೂ ಹೆಚ್ಚು ಮಾದರಿಗಳನ್ನು ಜಾಲಾಡಿದರೆ ಓದುವಂತಿದ್ದದ್ದು ಒಬ್ಬಳೇ ಹೆಂಗಸಿನ ಡಿಎನ್‌ಎ. ಅವಳೊಬ್ಬಳನ್ನು ಹಿಡಿದುಕೊಂಡು ಆರ್ಯರು ಬಂದರೋ ಇಲ್ಲವೋ ಎಂದು ಟೀವಿಯವರು ಗಂಟಲು ಹರಿದುಕೊಂಡರು. ಮೂಳೆ ನಮ್ಮ ಪಕ್ಷ ಸೇರುವ ಹಾಗಿದ್ದರೆ ಅದಕ್ಕೆ ಸ್ಟುಡಿಯೊ, ಸುಮ್ಮನೆ ಕೂತಿದ್ದರೆ ಟಾರ್ಪಾಲು.

ಇಷ್ಟರಲ್ಲಿ ವಡ್‌ನಗರದಲ್ಲೇ 298 ಕೋಟಿ ರೂಪಾಯಿಯ ಮ್ಯೂಸಿಯಂ ಎದ್ದಿತು. ಪ್ರಧಾನಿಯ ಹುಟ್ಟೂರು ನೋಡಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. 2025ರ ಜನವರಿಯಲ್ಲಿ ಉದ್ಘಾಟನೆಯೂ ಆಯಿತು. ಊರಿನ ಎರಡೂವರೆ ಸಾವಿರ ವರ್ಷದ ಬಾಳನ್ನು ಅನುಭವಿಸಿ ಎಂದು ಜನರನ್ನು ಕರೆದರು. ಮಡಕೆ ಒಳಗೆ ಹೋಯಿತು, ನಾಣ್ಯ ಒಳಗೆ ಹೋಯಿತು, ಬಳೆಚೂರಿಗೂ ಗಾಜಿನ ಪೆಟ್ಟಿಗೆ ಸಿಕ್ಕಿತು. ಆ ಊರಿನ ಮಣ್ಣಲ್ಲಿ ಅಷ್ಟು ಕಾಲ ಕೂತಿದ್ದ ಆಸಾಮಿ ಮಾತ್ರ ಹೊರಗೆ. ಗೃಹಪ್ರವೇಶದ ದಿನ ಮನೆಯ ಹಿರಿಯರನ್ನು ಪೆಂಡಾಲಿನಲ್ಲಿ ಮರೆತು ಬಂದ ಹಾಗೆ.

ಮೇ ತಿಂಗಳಲ್ಲಿ ಸುದ್ದಿ ಜಗಜ್ಜಾಹೀರಾಯಿತು. ತಗೊಳ್ಳಿ, ಆರು ವರ್ಷ ಅಲುಗದ ಕಡತ ಅದೇ ತಿಂಗಳು ಓಡಿತು! ತಜ್ಞರ ಸಮ್ಮುಖದಲ್ಲಿ, ಬಲು ಜಾಗ್ರತೆಯಿಂದ ಅವನನ್ನು ಮ್ಯೂಸಿಯಮ್ಮಿಗೆ ಸಾಗಿಸಿದರು. ಸುತ್ತ ಬೇಲಿ, ಕಾವಲು, ಎಲ್ಲ ಆಯಿತು. ಇನ್ನೇನು, ಹೋಗಿ ನೋಡಬಹುದಲ್ಲ ಎಂದವರಿಗೆ ಸಿಕ್ಕ ಉತ್ತರ: ಆಡಳಿತಾತ್ಮಕ ಪ್ರಕ್ರಿಯೆ ಮುಗಿದ ಮೇಲೆ.

ಚಿಕ್ಕಪ್ಪನಾದರೆ ಊಟದ ಹೊತ್ತಿಗೆ ಬಸ್ಸು ಹಿಡಿದು ಮನೆಗೆ ಹೋಗಿಬಿಡುತ್ತಿದ್ದರು. ಇವನು ಎದ್ದು ಹೋಗುವ ಪೈಕಿ ಅಲ್ಲವಲ್ಲ, ಎರಡೂ ಇಲಾಖೆಗೆ ಅದೊಂದು ನೆಮ್ಮದಿ.