ವಾಕಿಂಗ್ ಬೇಡ ಸ್ವಾಮಿ, ನಡೆಯೋಕೆ ಬಿಡಿ

ಎಡಗಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು, ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಇದನ್ನ ಬರೀತಿದೀನಿ. ಹೊಟ್ಟೆಯುರಿ ತೀರಿಸಿಕೊಳ್ಳೋಕೆ ಬೇರೆ ದಾರಿ ಇಲ್ಲ.

ಮೂರು ತಿಂಗಳ ಹಿಂದೆ ಡಾಕ್ಟ್ರು ರಿಪೋರ್ಟ್ ನೋಡಿ, "ಸಾರ್, ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಸರಾಸರಿ ಶುಗರ್, 6.1 ಇದೆ, ಬಾರ್ಡರ್‌ನಲ್ಲಿದೆ. ಮಾತ್ರೆ ಈಗಲೇ ಬೇಡ, ವಾಕಿಂಗ್ ಶುರು ಮಾಡಿ" ಅಂದ್ರು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೀಬೇಕಂತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅದನ್ನೇ. ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ಬೆಂಗಳೂರಿನ ಚಂದ್ರಾ ಲೇಔಟ್‌ನ ನಮ್ಮ ಮನೆಯಿಂದ ಅತ್ತಿಗುಪ್ಪೆ ಮೆಟ್ರೋಗೆ ಹದಿನೈದು ನಿಮಿಷ. ಸಂಜೆ ವಾಪಸ್ ಹದಿನೈದು. ವಾರಕ್ಕೆ ಐದು ದಿನ ಆಫೀಸು. ಒಟ್ಟು 150! ಶೂಗೆ ನಾಲ್ಕು ಸಾವಿರ ಸುರಿಯೋದು ಬೇಡ, ಬೆಳಗ್ಗೆ ಐದಕ್ಕೆ ಏಳೋದೂ ಬೇಡ. ಖುಷಿಯಾಗಿ ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಆ ರಸ್ತೇಲಾ?" ಅಂದಳು, ಅಷ್ಟೇ.

ಹೌದು, ಆ ರಸ್ತೇಲೇ. ನಮ್ಮ ಗೇಟಿಂದ ಮೊದಲ ಐವತ್ತು ಹೆಜ್ಜೆ ಫುಟ್‌ಪಾತೇ ಇಲ್ಲ. ಇದ್ದ ಜಾಗದಲ್ಲಿ ಮನೆಯೋರು ಕಾರು ಹತ್ತಿಸೋಕೆ ರ‍್ಯಾಂಪ್ ಹಾಕ್ಕೊಂಡು, ಪಕ್ಕದಲ್ಲಿ ಹೂವಿನ ಕುಂಡ ಇಟ್ಟು, 'ನೋ ಪಾರ್ಕಿಂಗ್' ಬೋರ್ಡ್ ಬೇರೆ ನೇತುಹಾಕಿದಾರೆ. ಆಮೇಲೆ ಶುರುವಾಗೋ ಫುಟ್‌ಪಾತು ಹತ್ತೋಕೆ ಗೋಡೆ ಹಿಡ್ಕೋಬೇಕು. ಅಂಚಿನ ಎತ್ತರ 15 ಸೆಂಟಿಮೀಟರ್ ದಾಟಬಾರದು, ನಡೆಯೋಕೆ ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು ಅಂತ ರಸ್ತೆಗಳಿಗೆ ಮಾನದಂಡ ಮಾಡೋ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ಒಂದು ಭಾನುವಾರ ಮಗಳ ಸ್ಕೇಲ್ ತಗೊಂಡು ಹೋಗಿ ಅಳೆದೆ. 30 ಸೆಂಟಿಮೀಟರಿನ ಸ್ಕೇಲ್ ಸಾಲಲಿಲ್ಲ. ಅಂಗಡಿಯವನು ಓಡಿಬಂದು, "ಏನ್ ಸಾರ್, ರಸ್ತೆ ಅಗಲ ಮಾಡ್ತಾರಾ?" ಅಂತ ಗಾಬರಿಯಾದ. ನಮ್ಮೂರಲ್ಲಿ ರಸ್ತೆ ಪಕ್ಕ ಬಗ್ಗಿ ಅಳೆದರೆ ಅದೊಂದೇ ಅರ್ಥ ತಾನೇ.

ಮುಂದಕ್ಕೆ ಟ್ರಾನ್ಸ್‌ಫಾರ್ಮರ್. ಅದರ ಸುತ್ತ ಬೇಲಿ, ಬೇಲಿಗೆ ಆತುಕೊಂಡು ಕಸ. ಕೆಳಗಿಳಿದು ರಸ್ತೇಲಿ ನಡೀಬೇಕು, ಬಸ್ಸು ಭುಜ ಸವರ್ಕೊಂಡು ಹೋಗುತ್ತೆ. ಮತ್ತೆ ಹತ್ತು, ಎಂ-ಸ್ಯಾಂಡ್ ರಾಶಿ. ಇಳಿ. ಹತ್ತು, ಕೇಬಲ್‌ನೋರು ಬಿಟ್ಟುಹೋದ ಸುರುಳಿ, ಕಳೆದ ಮಳೆಗೆ ಬಿದ್ದ ಕೊಂಬೆ. ಮತ್ತೆ ಇಳಿ. ಬಸ್ಕಿ ಹೊಡೆಯೋಕೆ ಡಾಕ್ಟ್ರು ಹೇಳಿರಲಿಲ್ಲ ಕಣ್ರೀ.

ಇಲ್ಲಿ ಯಾರಾದ್ರೂ "ಎಲ್ಲಾ ಆ ಗಾಡಿ ವ್ಯಾಪಾರದೋರಿಂದ" ಅಂತ ರಾಗ ಎಳೀತಾರೆ, ಗೊತ್ತು. ಸುಮ್ಮನಿರಿ. ಸೊಪ್ಪಿನ ಅಜ್ಜಿ ಕೂರೋದು ಎರಡಡಿ ಗೋಣಿಚೀಲದ ಮೇಲೆ, ನಾನು ಬಂದ್ರೆ ಬುಟ್ಟೀನೂ ಜರುಗಿಸ್ತಾಳೆ. ಅವಳ ಪಕ್ಕದಲ್ಲೇ ಎರಡು ಚಕ್ರ ಫುಟ್‌ಪಾತಿನ ಮೇಲೇರಿಸಿ ನಿಂತಿರೋ ದೊಡ್ಡ ಕಾರು ಜರುಗಿಸ್ತಾನಾ ಅದರ ಓನರ್ರು? ಟೆಂಪೋ ಬಂದು ಎತ್ತಂಗಡಿ ಮಾಡೋದು ಮಾತ್ರ ಅಜ್ಜಿ ಬುಟ್ಟೀನ.

ನಾನು ಫುಟ್‌ಪಾತಿನ ಮೇಲಿದೀನಿ. ಹಿಂದಿಂದ ಹಾರನ್ನು. ತಿರುಗಿ ನೋಡಿದ್ರೆ ಸ್ಕೂಟರು, ಅದೂ ಫುಟ್‌ಪಾತಿನ ಮೇಲೆ! "ಅಂಕಲ್, ಸ್ವಲ್ಪ ಸೈಡಿಗೆ ಹೋಗಿ." ಯಾವ ಸೈಡಿಗಪ್ಪಾ? ಎಡಕ್ಕೆ ಕಾಂಪೌಂಡು, ಬಲಕ್ಕೆ ರಸ್ತೆ. ನಿನ್ನ ರಸ್ತೆ ಅದು, ನೀನು ಇಳಿ ಅಂದೆ. "ನಿಮ್ಮಪ್ಪಂದಾ ಫುಟ್‌ಪಾತು" ಅಂದ. ನನ್ನ ಮಗಳಿಗಿಂತ ಚಿಕ್ಕೋನು.

ಅಪ್ಪನ ಮಾತು ಬಂತು, ಹೇಳ್ತೀನಿ. ನಮ್ಮಪ್ಪ ಯಶವಂತಪುರದಿಂದ ಜಾಲಹಳ್ಳಿಯ ಎಚ್‌ಎಂಟಿಗೆ ಸೈಕಲ್‌ನಲ್ಲೇ ಹೋಗ್ತಿದ್ರು, ಕ್ಯಾರಿಯರ್‌ಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು. ಶಿಫ್ಟು ಬಿಟ್ಟರೆ ಗೇಟಿಂದ ಸೈಕಲ್ಲುಗಳ ಹೊಳೆ. ಡೈನಮೋ ಲೈಟ್ ಇಲ್ಲ, ಡಬಲ್ ರೈಡಿಂಗ್ ಅಂತ ಪೊಲೀಸ್ರು ಹಿಡೀತಿದ್ದ ಕಾಲ. ಅಂದ್ರೆ ಸೈಕಲ್ಲನ್ನೂ ಒಂದು ವಾಹನ ಅಂತ ಲೆಕ್ಕಕ್ಕೆ ತಗೋತಿದ್ರು! ಅಪ್ಪ ಜೀವಮಾನದಲ್ಲಿ 'ವಾಕಿಂಗ್' ಹೋಗಲಿಲ್ಲ, ಆ ಪದವೇ ಅವರ ಬಾಯಲ್ಲಿ ಬರ್ತಿರಲಿಲ್ಲ. ಎಲ್ಲಿಗೋ ಹೋಗಬೇಕಿತ್ತು, ನಡೆದು ಹೋಗ್ತಿದ್ರು, ಇಲ್ಲಾ ತುಳ್ಕೊಂಡು ಹೋಗ್ತಿದ್ರು.

ಈಗ ನೋಡಿ, ವಾಕಿಂಗ್ ಬೇರೆ, ನಡೆಯೋದು ಬೇರೆ ಆಗಿದೆ. ನಮ್ಮ ಎದುರುಮನೆಯವರು ದಿನಾ ಆರು ಗಂಟೆಗೆ ಕಾರು ತೆಗೆದು ಪಾರ್ಕಿಗೆ ಹೋಗ್ತಾರೆ. ಪಾರ್ಕು ಮುಕ್ಕಾಲು ಕಿಲೋಮೀಟರ್ ದೂರ. ಕಾರನ್ನ ಅಲ್ಲಿನ ಫುಟ್‌ಪಾತ್ ಮೇಲೆ ನಿಲ್ಲಿಸಿ, ಒಳಗೆ ಗಾಣದೆತ್ತಿನ ಹಾಗೆ ಎಂಟು ಸುತ್ತು ಹಾಕಿ, ಕಾರಲ್ಲಿ ವಾಪಸ್ಸು. ಆಮೇಲೆ ಹಾಲು ತರೋಕೆ ಸ್ಕೂಟರು. ನಗಬೇಡಿ, ಅವರದೂ ತಪ್ಪಲ್ಲ. ಪಾರ್ಕಿನ ತನಕ ನಡೆದರೆ ಪಾರ್ಕು ಮುಟ್ಟೋ ಗ್ಯಾರಂಟಿ ಇಲ್ವಲ್ಲ.

ನನ್ನ ಸೈಕಲ್ ಕಥೆ ಹೆಚ್ಚಿಲ್ಲ, ಹನ್ನೊಂದು ದಿನದ್ದು. ನಡೆಯೋಕಾಗಲಿಲ್ಲ ಅಂತ ಕೊಂಡೆ. "ಗಾಡಿ ಏನಾಯ್ತು ಸಾರ್, ಮಾರಿಬಿಟ್ರಾ?" ಅಂತ ಪರಿಚಯದೋರು ಕನಿಕರದಿಂದ ಕೇಳಿದ್ರು. ಒಂದು ದೊಡ್ಡ ಅಂಗಡೀಲಿ ಸೆಕ್ಯೂರಿಟಿಯವನು "ಸೈಕಲ್‌ಗೆಲ್ಲಾ ಪಾರ್ಕಿಂಗ್ ಇಲ್ಲ" ಅಂದ. ಹನ್ನೊಂದನೇ ದಿನ ನಿಂತಿದ್ದ ಕಾರಿನ ಬಾಗಿಲು ಮುಖಕ್ಕೇ ತೆಗೆದುಕೊಂಡಿತು. ಸೈಕಲ್ ಈಗ ಮೆಟ್ಟಿಲ ಕೆಳಗಿದೆ, ಮೇಲೆ ಒದ್ದೆ ಟವೆಲ್ ಒಣಗ್ತಿದೆ. 2020ರಲ್ಲಿ ಹೊರವರ್ತುಲ ರಸ್ತೇಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ರಲ್ಲ, ನೆನಪಿದೆಯಾ? ಕಂಬಗಳೂ ಹೋದವು, ಪಥಾನೂ ಹೋಯ್ತು.

ಇದು ಬರೀ ನನ್ನ ಗೋಳಾಗಿದ್ರೆ ನುಂಗಿಕೊಂಡು ಸುಮ್ಮನಿರ್ತಿದ್ದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825 ಜನ, ಸರ್ಕಾರದ್ದೇ ಲೆಕ್ಕ. ದಿನಕ್ಕೆ ತೊಂಬತ್ತು ಜನ ಆಯ್ತು. ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಪೇಪರ್ ಓದಿ ಕುಣಿದಿದ್ದೆ. ಆ ವಾರವೇ ನಮ್ಮ ರಸ್ತೇಲಿ ಪೈಪಿಗೆ ಅಂತ ಫುಟ್‌ಪಾತು ಅಗೆದ್ರು. ಚಪ್ಪಡಿ ವಾಪಸ್ ಹಾಕಿದ್ರು, ಆದ್ರೆ ಕೂರಿಸಲಿಲ್ಲ. ಕಾಲಿಟ್ಟರೆ ತೊಟ್ಟಿಲ ಹಾಗೆ ತೂಗುತ್ತೆ.

ಹೋದ ಮಂಗಳವಾರ ನಾನು ಬಿದ್ದಿದ್ದು ಅದೇ ಚಪ್ಪಡಿಯಿಂದ. ಒಂದು ಕಾಲು ಚರಂಡಿ ಒಳಗೆ, ಒಂದು ಹೊರಗೆ. ಎತ್ತಿದ್ದು ಸೊಪ್ಪಿನ ಅಜ್ಜಿ ಮತ್ತು ಆಟೋದವರು. ಅದೇ ಡಾಕ್ಟ್ರು ಎಕ್ಸ್‌ರೇ ನೋಡಿ, "ಮೂಳೆ ಮುರಿದಿಲ್ಲ, ಮೂರು ವಾರ ನಡೀಬೇಡಿ" ಅಂದ್ರು. ಅಂದ್ರೆ 450 ನಿಮಿಷ ಲಾಸು. ಆಟೋಗೆ ಎರಡು ಕಿಲೋಮೀಟರಿಗೆ ಮೀಟರ್ ರೇಟು 36 ರೂಪಾಯಿ, ಕೇಳೋದು 80. ಮೂರು ವಾರ ಹೋಗಿಬರೋಕೆ ಎಷ್ಟಾಗುತ್ತೆ ಅಂತ ಹೆಂಡತಿ ಲೆಕ್ಕ ಹಾಕಿ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದಾಳೆ.

ಬಿದ್ದ ದಿನವೇ ಫೋಟೋ ತೆಗೆಸಿ ದೂರು ಹಾಕಿದ್ದೆ. ಈವತ್ತು ಮೆಸೇಜ್ ಬಂತು: 'ನಿಮ್ಮ ದೂರನ್ನು ಪರಿಹರಿಸಲಾಗಿದೆ.' ಜೊತೆಗೊಂದು ಫೋಟೋ. ನೀಟಾಗಿ ಕೂರಿಸಿದ ಚಪ್ಪಡಿ, ಸಾಪಾಟಾದ ಫುಟ್‌ಪಾತು, ಪಕ್ಕದಲ್ಲಿ ಹೊಂಗೆ ಮರದ ನೆರಳು. ನಮ್ಮ ರಸ್ತೇಲಿ ಹೊಂಗೆ ಮರವೇ ಇಲ್ಲ. ಅದು ಯಾವ ರಸ್ತೆ ಅಂತ ಗೊತ್ತಿದ್ದೋರು ದಯವಿಟ್ಟು ಹೇಳಿ. ಕಾಲು ಸರಿಹೋದ ಮೇಲೆ ಸುತ್ತಾದರೂ ಪರವಾಗಿಲ್ಲ, ಆ ಕಡೆಯಿಂದಲೇ ಮೆಟ್ರೋಗೆ ಹೋಗ್ತೀನಿ.