ಟ್ಯಾಂಕರ್ ನೀರನ್ನೇ ಕೊಳವೆಬಾವಿಯ ನೀರೆಂದು ತೋರಿಸಿ ಹೋದರು

ಚಿಂತಾಮಣಿ ಕಡೆಯ ನಮ್ಮ ತೋಟದ 900 ಅಡಿಯ ಕೊಳವೆಬಾವಿ ಈ ಬೇಸಿಗೆಯಲ್ಲಿ ಹತ್ತು ನಿಮಿಷ ನೀರೆತ್ತಿ ಗಾಳಿ ಉಗುಳತೊಡಗಿದಾಗ, ಹೊಸದನ್ನು ಕೊರೆಸುವ ತ್ರಾಣವಿಲ್ಲದೆ ಹೈಡ್ರೋಫ್ರ್ಯಾಕ್ಚರಿಂಗ್ ಮಾಡಿಸಿದೆವು. ಆ ತಂತ್ರದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಸೀಮೆಯ ಗಟ್ಟಿಕಲ್ಲಿನಲ್ಲಿ ಆಳದ ನೀರಿರುವುದೇ ಬಿರುಕುಗಳಲ್ಲಿ. ಬೋರಿನ ಮೇಲ್ಭಾಗಕ್ಕೆ ಇಳಿಸಿದ ಕೇಸಿಂಗ್ ಪೈಪಿನ ಕೆಳಗೆ ಬಿರುಕಿಲ್ಲದ ಬಂಡೆ ಹುಡುಕಿ, ಅಲ್ಲಿ ಪ್ಯಾಕರ್ ಎಂಬ ರಬ್ಬರ್ ಬಿರಡೆಯನ್ನು ಉಬ್ಬಿಸಿ ಬಿಗಿದು, ಅದರ ಕೆಳಕ್ಕೆ ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿದರೆ, ಹೂಳು ಕಟ್ಟಿದ ಬಿರುಕುಗಳು ತೆರೆದು ಆಸುಪಾಸಿನ ನೀರಿಗೆ ದಾರಿಯಾಗಬಹುದು. ಗೇಜಿನ ಮುಳ್ಳು ಏರುತ್ತಾ ಹೋಗಿ ಥಟ್ಟನೆ ಇಳಿದರೆ ಬಂಡೆ ಬಾಯಿಬಿಟ್ಟಿತೆಂದು ತಿಳಿಯುತ್ತಾರೆ. ನಮ್ಮಲ್ಲಿ ಮುಳ್ಳು ಏರಲೇ ಇಲ್ಲ. ಪ್ಯಾಕರ್ ಸರಿಯಾಗಿ ಕೂತಿದೆಯೇ ಎಂದು ಕೇಳಿದರೆ, "ನಿಮ್ಮ ಅದೃಷ್ಟ ಸಾರ್, ಕಲ್ಲು ಮೆದು" ಎಂಬ ಉತ್ತರ ಬಂತು.

ನಮ್ಮ ದುಡ್ಡಿನಲ್ಲೇ ತರಿಸಿದ ಎರಡು ಟ್ಯಾಂಕರ್, ಅಂದರೆ 12,000 ಲೀಟರ್ ನೀರನ್ನು ಒಳಗೆ ಸುರಿದರು. ಅರ್ಧ ಗಂಟೆಯೂ ಬಿಡದೆ ಕಂಪ್ರೆಸರ್ ಹಚ್ಚಿ, ಕಾಲು ಗಂಟೆ ಗಾಳಿ ಹೊಡೆದು, ಬುಗ್ಗೆಯಂತೆ ಎದ್ದ ನೀರನ್ನು ತೋರಿಸಿ "ಎರಡಿಂಚು" ಎಂದು ಘೋಷಿಸಿ, ಫೋಟೊ ತೆಗೆದುಕೊಂಡು, ಬಾಕಿ ಹಣ ಎಣಿಸಿಕೊಂಡು ಹೊರಟರು. ಆರೂವರೆ ಇಂಚಿನ ಬೋರು ಅಡಿಗೆ ಸುಮಾರು ಆರೂವರೆ ಲೀಟರ್ ಹಿಡಿಯುತ್ತದೆ. 900 ಅಡಿಗೆ ಹತ್ತಿರ ಹತ್ತಿರ 5,900 ಲೀಟರ್. ಅಂದರೆ ಬುಗ್ಗೆ ಎಬ್ಬಿಸಲು ಅವರು ಸುರಿದ ನೀರೇ ಸಾಕಿತ್ತು. ಈ ಲೆಕ್ಕ ನನಗೆ ಹೊಳೆದದ್ದು ಅವರ ಲಾರಿ ಊರು ದಾಟಿದ ಮೇಲೆ. ನಮ್ಮಮ್ಮನಿಗೆ ಲೆಕ್ಕ ಬೇಕಾಗಲಿಲ್ಲ. ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡವಳೇ, "ನಮ್ಮ ಬೋರಿನ ನೀರು ಉಪ್ಪುಪ್ಪು, ಇದು ಸಿಹಿಯಾಗಿದೆಯಲ್ಲೋ" ಎಂದಳು. ದುಡ್ಡು ಕೊಟ್ಟ ಸಂಭ್ರಮದಲ್ಲಿದ್ದ ನಾನು ಅವಳ ಮೇಲೆಯೇ ರೇಗಿದೆ.

ಮೋಟಾರು ಇಳಿಸಿದ ನಾಲ್ಕನೆಯ ದಿನಕ್ಕೆ ಮತ್ತೆ ಅದೇ ಗಾಳಿ. ಕೆಲಸ ವಹಿಸಿಕೊಂಡವನಿಗೆ ಫೋನ್ ಮಾಡಿದರೆ, "ಭೂಮಿಯಲ್ಲಿ ನೀರಿಲ್ಲದಿದ್ದರೆ ನಾವೇನು ಹುಟ್ಟಿಸುತ್ತೇವೆಯೇ?" ಎಂದು ಕೇಳುತ್ತಾನೆ. ಮಾತೇನೋ ನಿಜವೇ; ಆದರೆ ಮುಂಗಡ ಪಡೆಯುವ ದಿನ ಈ ವೇದಾಂತ ಎಲ್ಲಿ ಹೋಗಿತ್ತು? ಕೆಲಸಕ್ಕೆ ಮುಂಚೆ ಬೋರಿನ ಇಳುವರಿಯನ್ನು ಅಳೆಯಲಿಲ್ಲ, ಕೊರೆದಾಗ ಎಷ್ಟನೇ ಅಡಿಯಲ್ಲಿ ಗ್ಯಾಪ್, ಅಂದರೆ ಕಲ್ಲಿನ ಬಿರುಕು, ಸಿಕ್ಕಿತ್ತೆಂದು ವಿಚಾರಿಸಲಿಲ್ಲ, ಸುರಿದ ನೀರನ್ನೆಲ್ಲ ಹೊರಹಾಕಿ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯೋಣವೆಂದರೆ ಗಾಡಿಗೆ ಬೇರೆ ಊರಲ್ಲಿ ಕೆಲಸವಿದೆಯೆಂದರು.

ಹಿಪ್ಪುನೇರಳೆ ಸೊಪ್ಪು ಬಾಡಬಾರದೆಂದು ಈಗ ಅದೇ ಟ್ಯಾಂಕರಿನವನಿಂದಲೇ ದಿನಕ್ಕೊಂದು ಲೋಡು ತರಿಸುತ್ತಿದ್ದೇವೆ.